ಸಂತೆ ಮೈದಾನದ ಕೆರೆ

ಊರೆಂದ ಮೇಲೆ ನಗು ಬರುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಊರನ್ನು ಸುಧಾರಿಸಲೆಂದು ನಾಲ್ಕು ಜನ ಮೇಜಿನ ಸುತ್ತ ಕುಳಿತರಂತೂ ವಾರಕ್ಕೊಂದು ಖಾತ್ರಿ. ಯಾವ ಊರು ಎಂದು ಮಾತ್ರ ನಾನು ಹೇಳುವವಳಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಇವುಗಳ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಹೆಸರು ಹೇಳಿದರೆ ಒಂದೂರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ನಾಲ್ಕೂ ಊರಿನವರು ಇದು ಪಕ್ಕದ ಊರಿನದು ಎಂದು ಆರಾಮಾಗಿ ಓದುತ್ತಾರೆ.

ನಾನು ಹುಟ್ಟಿದ್ದು ಕೋಲಾರದ ಕಡೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ಈ ಸೀಮೆಗೆ ಬಂದೆ. ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋದರಾಯಿತು ಅಂದುಕೊಂಡಿದ್ದೆ. ನಿವೃತ್ತಿಯೂ ಆಯಿತು, ಕೂದಲೂ ಬೆಳ್ಳಗಾಯಿತು, ಹೋಗುವುದು ಮಾತ್ರ ಆಗಲಿಲ್ಲ. ಇಲ್ಲಿಯವರಿಗೆ ನಾನು ಈಗಲೂ ‘ಅಕ್ಕೋರು’. ಊರಿನ ಯೋಜನಾ ಮಂಡಳಿಗೆ ಒಬ್ಬ ಮಹಿಳೆ ಬೇಕಾದಾಗ ಅದರ ಅಧ್ಯಕ್ಷರು ನಮ್ಮ ಮನೆಗೇ ಬಂದರು. ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ.

“ಅಕ್ಕೋರ, ನೀವು ಇಲ್ಲ ಅನಬ್ಯಾಡ್ರಿ. ನಿಮಗ ನಕಾಶಿ ಓದಾಕ ಬರತೇತಿ. ನಮ್ಮೊಳಗ ಅದು ಒಬ್ಬರಿಗೂ ಬರೂದಿಲ್ಲ,” ಅಂದರು.

ಅವರು ನನ್ನ ಹಳೆಯ ವಿದ್ಯಾರ್ಥಿ. ಭೂಗೋಳದಲ್ಲಿ ಮೂರು ಸಲ ನಪಾಸಾದವರು. ಹಾಗಾಗಿ ಅವರ ಮಾತನ್ನು ನಾನು ಕೂಡಲೇ ನಂಬಿದೆ.

೧. ನಕಾಶೆಯ ಪೂಜೆ

ಮುಂದಿನ ಇಪ್ಪತ್ತು ವರ್ಷ ಊರು ಹೇಗೆ ಬೆಳೆಯಬೇಕು ಎಂಬ ಮಹಾಯೋಜನೆಯ ಕರಡು ಬಂತು. ದೂರದ ಯಾವುದೋ ಕಂಪನಿ ತಯಾರಿಸಿದ್ದು. ಇನ್ನೂರು ಪುಟದ ಪುಸ್ತಕ, ಜೊತೆಗೆ ಜಮಖಾನೆಯಷ್ಟು ದೊಡ್ಡ ನಕಾಶೆ. ಮೇಜಿನ ಮೇಲೆ ಹಿಡಿಸಲಿಲ್ಲವೆಂದು ನೆಲದ ಮೇಲೆ ಹಾಸಿದರು. ಹಾಸಿದ ಮೇಲೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ಚಪ್ಪಲಿ ಬಿಟ್ಟ ಮೇಲೆ ಪೂಜೆ ಮಾಡದೆ ಹೇಗೆ? ಇಲ್ಲಿ ಟ್ರ್ಯಾಕ್ಟರು ಬಂದರೂ ಪೂಜೆ, ಫ್ರಿಜ್ಜು ಬಂದರೂ ಪೂಜೆ. ಅಧ್ಯಕ್ಷರು ಊದಿನಕಡ್ಡಿ ಹಚ್ಚಿ, ಕುಂಕುಮ ಇಟ್ಟು, ಕೈತುಂಬ ಭಂಡಾರ ಎರಚಿದರು. ಭಂಡಾರವೆಂದರೆ ನಮ್ಮ ಕಡೆಯ ಅರಿಶಿನದ ಪುಡಿ.

ಈಗ ನಕಾಶೆಯ ಬಣ್ಣಗಳ ವಿಷಯ. ಹಸಿರು ಇದ್ದಲ್ಲಿ ಹೊಲ, ಹಳದಿ ಇದ್ದಲ್ಲಿ ಮನೆ ಕಟ್ಟಬಹುದು, ಕೆಂಪು ಇದ್ದಲ್ಲಿ ಸರ್ಕಾರಿ ಕಟ್ಟಡ. ಮರುವಾರವೇ ದೊಡವಾಡ ರಸ್ತೆಯ ರೈತರೊಬ್ಬರು ಬಂದರು. “ನನ್ನ ಎಂಟೆಕರೆ ಹೊಲ ಹಳದಿ ಆಗೇತ್ರಿ. ಪ್ಲಾಟು ಹಾಕಾಕ ಅನುಮತಿ ಕೊಡ್ರಿ,” ಅಂದರು.

ನಮ್ಮ ಯೋಜನಾಧಿಕಾರಿ ಮೈಸೂರು ಕಡೆಯ ತರುಣ, ಬಲು ಕ್ರಮದ ಮನುಷ್ಯ. ಬಗ್ಗಿ ನೋಡಿದರು, ಒದ್ದೆ ಬಟ್ಟೆ ತರಿಸಿದರು.

ಅಧ್ಯಕ್ಷರು ಅವರ ಕೈ ಹಿಡಿದರು. “ಸಾಹೇಬ್ರ, ಭಂಡಾರ ಒರಸ್ತೀರೇನು? ಒರಸ್ರಿ. ಆದ್ರ ನೀವು ಒಬ್ಬರ ಒರಸ್ರಿ. ನಮಗ ಮನ್ಯಾಗ ಹೆಂಡತಿ ಮಕ್ಕಳು ಅದಾರ.”

ಅಧಿಕಾರಿ ಬಟ್ಟೆ ಕೆಳಗಿಟ್ಟರು. ಅಷ್ಟರಲ್ಲಿ ಕುಂಕುಮ ಬಿದ್ದ ಜಾಗದ ಮಾಲೀಕರೂ ಬಂದರು. ತಮ್ಮ ಕಲ್ಯಾಣ ಮಂಟಪ ಸರ್ಕಾರದ ಪಾಲಾಯಿತೆಂದು ಬಾಯಿ ಬಡಿದುಕೊಂಡರು. ಹಳದಿ ಬಿದ್ದವರು ಅದು ದೇವರ ಪ್ರಸಾದ ಅಂದರು, ಕೆಂಪು ಬಿದ್ದವರು ಅದು ಮನುಷ್ಯರ ತಪ್ಪು ಅಂದರು. ಕೊನೆಗೆ ನಡಾವಳಿಯಲ್ಲಿ ಹೀಗೆ ಬರೆದರು: “ಸದರಿ ಬಣ್ಣಗಳು ಯೋಜನೆಯ ಭಾಗವಲ್ಲ. ಆದರೆ ಅವನ್ನು ಯಾರೂ ಅಳಿಸತಕ್ಕದ್ದಲ್ಲ.”

೨. ಕೆರೆ ಸಿಕ್ಕಿತು

ಸಂತೆ ಮೈದಾನದ ಅಂಚಿಗೆ ಒಂದು ಖಾನಾವಳಿ ಇದೆ. ನಡೆಸುವಾಕೆಯನ್ನು ಎಲ್ಲರೂ ಖಾನಾವಳಿಯವ್ವ ಎನ್ನುತ್ತಾರೆ. ಹನ್ನೆರಡು ಜನ ಕೂರುವಷ್ಟೇ ಜಾಗ. ಗುರುವಾರ ಸಂತೆಯ ದಿನ ನೂರು ಜನ ಬಿಸಿಲಲ್ಲಿ ನಿಂತು ಕಾಯುತ್ತಾರೆ. ಮೇಲೊಂದು ಮಾಳಿಗೆ ಕಟ್ಟಬೇಕೆಂದು ಆಕೆ ಕಂಬ ಎಬ್ಬಿಸಿ, ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಬಿಟ್ಟು ಮಂಡಳಿಯ ಅನುಮತಿಗೆ ಕಾಯುತ್ತಿದ್ದಳು. ಒಂದು ದಿನ ಕೈಯಲ್ಲಿ ಕಾಗದ ಹಿಡಿದು ನಮ್ಮ ಮನೆಗೆ ಬಂದಳು. ಕೈಗೆ ಹಿಟ್ಟು ಇನ್ನೂ ಮೆತ್ತಿತ್ತು.

“ಅಕ್ಕೋರ, ಅರ್ಜಿ ಹೊಳ್ಳಿ ಬಂತು. ಕೆರಿ ದಂಡಿಯಿಂದ ಮೂವತ್ತು ಮೀಟರದಾಗ ಏನೂ ಕಟ್ಟಬಾರದಂತ. ಈ ಯೋಜನೆ ಪಕ್ಕಾ ಆತಂದ್ರ ಈಗ ಇದ್ದದ್ದನ್ನೂ ಕಿತ್ತಬೇಕಂತ.”

“ಯಾವ ಕೆರೆ?” ಎಂದೆ.

“ಅದನ್ನ ಕೇಳಾಕ ಬಂದೇನ್ರಿ. ಇಲ್ಲಿ ರೊಟ್ಟಿ ಬಡಿಯಾಕ ಹತ್ತಿ ಮೂವತ್ತು ವರ್ಷ ಆತು. ಕುಡಿಯೂ ನೀರು ದಿನಾ ಟ್ಯಾಂಕರಿನವಗ ಕೈಮುಗದು ತರಸ್ತೇನಿ. ಮಗ್ಗಲದಾಗ ಕೆರಿ ಇತ್ತಂದ್ರ ಒಂದು ಮಾತು ಹೇಳಬಾರದಾಗಿತ್ತೇನ್ರಿ ಯಾರರೆ?”

ಮಂಡಳಿಗೆ ಹೋಗಿ ನಕಾಶೆ ನೋಡಿದೆ. ಸಂತೆ ಮೈದಾನವಿರಬೇಕಾದಲ್ಲಿ ಮೈದಾನವಿಲ್ಲ, ತಿಳಿನೀಲಿ ಬಣ್ಣದ ಕೆರೆ ಇದೆ. ನಾನು ಹುಟ್ಟಿದ ಸೀಮೆಯ ತುಂಬ ಕೆರೆಗಳು. ಆದರೆ ಇಷ್ಟು ಚೌಕಾಗಿರುವ, ನಡುವೆ ಎಂಟು ಕಾಲುದಾರಿ ಇರುವ ಕೆರೆಯನ್ನು ನಾನು ಕಂಡಿರಲಿಲ್ಲ. ಗುರುವಾರ ಬಂದಾಗ ಖಾನಾವಳಿಯ ಬಾಗಿಲಲ್ಲಿ ನಿಂತು ಮೈದಾನ ನೋಡಿದೆ, ಗುಟ್ಟು ತಿಳಿಯಿತು. ಉಳ್ಳಾಗಡ್ಡಿಯವರು, ಮೆಣಸಿನಕಾಯಿಯವರು, ಬಟ್ಟೆಯವರು, ಎಲ್ಲರೂ ಬಿಸಿಲಿಗೆ ನೀಲಿ ತಾಡಪತ್ರಿ, ಅಂದರೆ ಟಾರ್ಪಾಲು, ಕಟ್ಟಿದ್ದರು. ಕಂಪನಿಯವರು ಆಕಾಶದಿಂದ ತೆಗೆದ ಚಿತ್ರ ನೋಡಿ ನಕಾಶೆ ಬರೆದವರು. ಆ ಚಿತ್ರ ಸಂತೆಯ ದಿನ ತೆಗೆದದ್ದು.

ಖಾನಾವಳಿಯವ್ವನಿಗೆ ಹೇಳಿದೆ. ಆಕೆ ಒಂದು ಗಳಿಗೆ ಸಂತೆಯನ್ನೇ ನೋಡಿದಳು. “ಹಂಗಾದ್ರ ಇವರೆಲ್ಲಾ ಮುಳುಗ್ಯಾರ ಅಂದಂಗಾತು,” ಅಂದಳು.

೩. ತೆಗೆಯುವ ಅಧಿಕಾರ

ಸಭೆಯಲ್ಲಿ ಆಕ್ಷೇಪಣೆ ಓದಿದೆ. ಯೋಜನಾಧಿಕಾರಿ ಒಂದು ಕ್ಷಣವೂ ವಾದ ಮಾಡಲಿಲ್ಲ. “ತಪ್ಪಾಗಿದೆ ಮೇಡಂ, ಒಪ್ಪಿದೆ. ಅಲ್ಲಿ ಕೆರೆ ಇಲ್ಲ.”

“ಹಾಗಾದರೆ ತೆಗೆದುಬಿಡಿ.”

“ತೆಗೆಯಲು ಬರುವುದಿಲ್ಲ. ಕೆರೆ ಸೇರಿಸುವ ಅಧಿಕಾರ ನಮಗಿದೆ, ಕೆರೆ ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ಕೆರೆ ಮುಚ್ಚುವವರ ಕಾಟಕ್ಕೆ ಮಾಡಿದ ನಿಯಮ ಅದು.”

ಅಧ್ಯಕ್ಷರು ತಲೆಯಾಡಿಸಿದರು. “ಖರೇ ಐತ್ರಿ ಅಕ್ಕೋರ. ನಾಳೆ ಪೇಪರಿನ್ಯಾಗ ಏನು ಬರತೇತಿ? ಅಧ್ಯಕ್ಷ ಕೆರಿ ನುಂಗಿದ ಅಂತ ಬರತೇತಿ. ಅಲ್ಲಿ ಕೆರಿ ಇದ್ದಿದ್ದಿಲ್ಲ ಅಂತ ಒಬ್ಬರೂ ಬರಿಯೂದಿಲ್ಲ.”

ನಾನು ಈಜು ಕಲಿತ ಕೆರೆಯ ಮೇಲೆ ಈಗ ಬಸ್ ಡಿಪೋ ಇದೆ. ಅದನ್ನು ಮುಚ್ಚುವಾಗ ಯಾರ ಅಧಿಕಾರವೂ ಅಡ್ಡ ಬಂದಿರಲಿಲ್ಲ. ಅದನ್ನೇ ಹೇಳಿದೆ. ಅಧಿಕಾರಿ ಮೆಲ್ಲಗೆ ಅಂದರು, “ಅದು ನೀರಿದ್ದ ಕೆರೆ ಮೇಡಂ. ಇದು ಕಾಗದದಲ್ಲಿದೆ.”

ಸ್ಥಳ ಪರಿಶೀಲನೆ ಮಾಡೋಣ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಸದಸ್ಯರೊಬ್ಬರು ಕೆರೆಯ ಸುತ್ತ ವಾಕಿಂಗ್ ಪಾತು ಬೇಕು ಎಂದರು. ಇನ್ನೊಬ್ಬರು ದೋಣಿ ಬಿಡೋಣ ಎಂದರು. ಎರಡಕ್ಕೂ ಮಂಜೂರಾತಿ ಸಿಕ್ಕಿತು. ಮುಂದೂಡಿದ್ದು, ಕೆರೆ ಇದೆಯೋ ಇಲ್ಲವೋ ಎಂಬ ವಿಷಯವೊಂದನ್ನೇ.

೪. ಜಲಚರ

ಪರಿಶೀಲನೆಗೆ ಅಧ್ಯಕ್ಷರು ಗುರುವಾರ ಗೊತ್ತುಮಾಡಿದರು. “ಹೆಂಗಿದ್ರೂ ಕಾಯಿಪಲ್ಯಾ ತರಾಕ ಬರತೇನ್ರಿ, ಎರಡೂ ಕೆಲಸ ಆಗತಾವ,” ಅಂದರು. ಬೇರೆ ದಿನ ಹೋಗೋಣವೆಂದು ನಾನು ಗಂಟಲು ಹರಿದುಕೊಂಡರೂ ಕೇಳಲಿಲ್ಲ.

ಅಧಿಕಾರಿಯ ಕೈಯಲ್ಲಿ ಜಲಮೂಲ ಪರಿಶೀಲನೆಯ ನಮೂನೆ. ಮೈದಾನದ ತುಂಬ ತಾಡಪತ್ರಿಗಳು ಗಾಳಿಗೆ ಅಲೆಯಂತೆ ಏಳುತ್ತಿದ್ದವು.

“ಮೇಲ್ಮೈ ಬಣ್ಣ,” ಎಂದು ಓದಿ, “ನೀಲಿ” ಎಂದು ಬರೆದರು.

“ತಾಡಪತ್ರಿ ಅಂತ ಬರೆಯಿರಿ,” ಎಂದೆ.

“ಅದಕ್ಕೆ ಕಾಲಂ ಇಲ್ಲ ಮೇಡಂ. ದಂಡೆಯಲ್ಲಿ ಒತ್ತುವರಿ?” ಖಾನಾವಳಿಯ ಕಡೆ ನೋಡಿ “ಇದೆ” ಎಂದು ಬರೆದರು. “ಜಲಚರ?”

ಆ ಹೊತ್ತಿಗೆ ನಾವು ಮೀನು ಮಾರುವ ಸಾಲಿಗೆ ಬಂದಿದ್ದೆವು. ಮಾರುವಾಕೆ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. “ಬರ್ರಿ ಸಾಹೇಬ್ರ, ಮುಂಜಾನೆ ಡ್ಯಾಮಿನಿಂದ ಬಂದಾವು. ಇನ್ನೂ ಒದ್ದಾಡಾಕ ಹತ್ತ್ಯಾವು ನೋಡ್ರಿ.”

ಅಧಿಕಾರಿ ನೋಡಿದರು. “ಮೀನು, ಜೀವಂತ” ಎಂದು ಬರೆದರು. ನನ್ನ ಮುಖ ನೋಡಿ, “ಇಲ್ಲ ಅಂತ ಹೇಗೆ ಬರೆಯಲಿ ಮೇಡಂ, ಕಣ್ಣಾರೆ ಕಂಡಿದ್ದೇನೆ. ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ,” ಅಂದರು.

ಕೆಲಸ ಮುಗಿಸಿ ಊಟಕ್ಕೆ ಖಾನಾವಳಿಗೇ ಹೋದೆವು. ಒಳಗೆ ಜಾಗವಿರಲಿಲ್ಲ. ಖಾನಾವಳಿಯವ್ವ ಎಲ್ಲರ ಕೈಗೂ ತಾಟು ಕೊಟ್ಟು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನೀಡಿದಳು. ಅಧಿಕಾರಿ ಬಿಸಿಲಲ್ಲಿ ನಿಂತು, ಒಂದು ಕೈಯಲ್ಲಿ ತಾಟು, ಕಂಕುಳಲ್ಲಿ ನಮೂನೆ ಹಿಡಿದು ಬೆವರುತ್ತ ಉಂಡರು.

“ಊಟ ಬಹಳ ಚೆನ್ನಾಗಿದೆಯಮ್ಮ,” ಅಂದರು. “ಆದರೆ ಕೂತು ಉಣ್ಣಲು ಮೇಲೊಂದು ಮಾಳಿಗೆ ಕಟ್ಟಿಸಬಾರದೆ?”

“ಕಟ್ಟತೇನಂದ್ರ ಬ್ಯಾಡ ಅಂತ ಕಾಗದಾ ಬಂತ್ರಿ,” ಅಂದಳು. “ತಳಗ ನಿಮ್ಮದ ಸಹಿ ಐತಿ.”

೫. ರೊಟ್ಟಿಯ ಸದ್ದು ನಿಂತದ್ದು

ವರದಿ ಮೇಲಿನ ಕಚೇರಿಗೆ ಹೋಯಿತು, ಉತ್ತರವೂ ಬಂತು. ಊರ ನಡುವೆ ಮೀನಿರುವ ಕೆರೆ ಉಳಿಸಿಕೊಂಡದ್ದಕ್ಕೆ ಮಂಡಳಿಗೆ ಅಭಿನಂದನೆ. ಯೋಜನೆ ಅಂತಿಮವಾಗುವ ಮೊದಲು ದಂಡೆಯ ಒತ್ತುವರಿಯನ್ನು ತೆರವುಗೊಳಿಸುವುದು.

ಈ ಸಲ ಯಾರೂ ನಗಲಿಲ್ಲ. ಖಾನಾವಳಿಯವ್ವನಿಗೆ ಅದನ್ನು ಹೇಳುವ ಧೈರ್ಯ ಅಧ್ಯಕ್ಷರಿಗಿರಲಿಲ್ಲ. “ಅಕ್ಕೋರ, ನಾ ಹುಟ್ಟಿದಾಗಿಂದ ಆಕಿ ಕೈಯಾಗಿನ ರೊಟ್ಟಿ ಉಂಡೇನಿ. ನೀವ ಹೇಳ್ರಿ,” ಎಂದು ಕೈಚೆಲ್ಲಿದರು. ಆಕೆ ರೊಟ್ಟಿ ಬಡಿಯಲು ಹತ್ತಿ ಮೂವತ್ತು ವರ್ಷ, ಅಧ್ಯಕ್ಷರಿಗೆ ಐವತ್ತು. ನಾನು ಲೆಕ್ಕ ತಿದ್ದಲಿಲ್ಲ.

ಮಧ್ಯಾಹ್ನ ಹೋಗಿ ಹೇಳಿದೆ. ಆಕೆ ತಲೆ ಎತ್ತಲಿಲ್ಲ. ರೊಟ್ಟಿ ಬಡಿಯುತ್ತಲೇ, “ಆ ಪುಸ್ತಕದಾಗ ಮತ್ತೇನೇನು ಬರದಾರ, ಓದ್ರಿ ಕೇಳೂಣು. ಹೋಗೂದ ಐತಿ ಅಂದ್ರ ಯಾತಕ್ಕ ಹೊಂಟೇನಿ ಅನ್ನೂದರೆ ತಿಳೀಲಿ,” ಅಂದಳು.

ಇನ್ನೂರು ಪುಟ. ನಾಚಿಕೆಯ ವಿಷಯ, ಅದನ್ನು ಮಂಡಳಿಯಲ್ಲಿ ಒಬ್ಬರೂ ಪೂರ್ತಿ ಓದಿರಲಿಲ್ಲ. ನಾನೂ ನಕಾಶೆ ನೋಡಿ ಪುಸ್ತಕ ಮುಚ್ಚಿಟ್ಟವಳು. ಕೂತು ಓದತೊಡಗಿದೆ. ಚರಂಡಿಯ ಅಧ್ಯಾಯ ಮುಗಿಯಿತು, ಸ್ಮಶಾನದ್ದು ಮುಗಿಯಿತು, ಆಕೆಯ ಅಂಗೈ ತಟ್ಟುವ ಸದ್ದು ಒಂದೇ ಸಮನೆ ಬರುತ್ತಿತ್ತು. ನೂರಾ ಎಪ್ಪತ್ತನೆಯ ಪುಟದ ಹತ್ತಿರ ಓದಿದೆ: “ಕೆರೆಯ ದಂಡೆಯಲ್ಲಿ ಪ್ರವಾಸಿಗರಿಗಾಗಿ ಊಟೋಪಹಾರದ ಕಟ್ಟಡ ಹಾಗೂ ಕೆರೆ ವೀಕ್ಷಣೆಗೆ ಒಂದು ಮೇಲಂತಸ್ತು, ಇಷ್ಟಕ್ಕೆ ಮಾತ್ರ ಅವಕಾಶವಿರುತ್ತದೆ.”

ಸದ್ದು ನಿಂತಿತು.

“ಅಕ್ಕೋರ, ಅದನ್ನ ಇನ್ನೊಮ್ಮೆ ಓದ್ರಿ.”

ಓದಿದೆ.

“ಕೆರಿ ಇರಲಿ ಬಿಡ್ರಿ,” ಅಂದಳು.

“ಮೊನ್ನೆತನಕ ಕೆರೆ ತೆಗೆಸಿರಿ ಅಂತ ಬೆನ್ನು ಹತ್ತಿದ್ದೆಯಲ್ಲವ್ವ.”

“ಮೊನ್ನೆತನಕ ನೀವು ಇದನ್ನ ಓದಿ ಹೇಳಿದ್ದಿಲ್ಲಲ್ರಿ. ಭೂಗೋಳ ಕಲಿಸಿದವರು ನೀವು, ಓದಸಬೇಕಾದವಳು ನಾನು.”

ಹೊಸ ಅರ್ಜಿ ಬರೆದುಕೊಟ್ಟೆ. ಅದರಲ್ಲಿ ಕೆರೆಯ ಬಗ್ಗೆ ತಕರಾರಿಲ್ಲ. ಕೆರೆ ನೋಡಲು ಬರುವ ಪ್ರವಾಸಿಗರಿಗೆ ಊಟದ ವ್ಯವಸ್ಥೆ ಮಾಡುವ ಆಸೆ ಮಾತ್ರ. ಮಂಡಳಿಯವರ ಮುಖಗಳು ಅರಳಿದವು. ಏನನ್ನೂ ತೆಗೆಯಬೇಕಾಗಿಲ್ಲ, ಯಾರನ್ನೂ ಎಬ್ಬಿಸಬೇಕಾಗಿಲ್ಲ. ಐದು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು.

“ಸಂತೆಯವರ ಗತಿ ಏನು? ಕೆರೆಯಲ್ಲಿ ಸಂತೆ ನಡೆಸಬಹುದೆ?” ಎಂದು ಕೇಳಿದೆ.

ಅಧಿಕಾರಿ ನಕಾಶೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದರು. “ಈ ಊರಲ್ಲಿ ಸಂತೆಯೇ ಇಲ್ಲ ಮೇಡಂ,” ಅಂದರು. “ಇಲ್ಲದ್ದನ್ನು ನಿಲ್ಲಿಸುವುದು ಹೇಗೆ?”

೬. ಕಿಟಕಿಯ ಪಕ್ಕದ ಕುರ್ಚಿ

ಮಾಳಿಗೆ ಎದ್ದಿತು. ನಲವತ್ತು ಕುರ್ಚಿ, ಮೈದಾನದ ಕಡೆಗೆ ಸಾಲಾಗಿ ಕಿಟಕಿಗಳು. ವೀಕ್ಷಣೆಗೆ ಅನುಕೂಲವಿರಬೇಕೆಂದು ಅಧಿಕಾರಿ ಷರತ್ತು ಹಾಕಿದ್ದರಿಂದ ಕಿಟಕಿಗಳು ದೊಡ್ಡವೇ ಆದವು. ಗಾಳಿ ಚೆನ್ನಾಗಿ ಬರುತ್ತದೆ.

ಅಭಿನಂದನೆ ಕಳಿಸಿದ್ದ ಮೇಲಿನ ಕಚೇರಿಯ ದೊಡ್ಡ ಸಾಹೇಬರು ಒಂದು ಶನಿವಾರ ತಾವೇ ಬಂದರು, ಕೆರೆಯನ್ನು ಕಣ್ಣಾರೆ ನೋಡಬೇಕೆಂದು. ಅಧ್ಯಕ್ಷರಿಗೆ ಅದೇ ಬೆಳಿಗ್ಗೆ ಜ್ವರ ಬಂತು. ನಮ್ಮ ಅಧಿಕಾರಿ ಫೋನೆತ್ತಲಿಲ್ಲ. ನಾನೊಬ್ಬಳೇ ಅವರನ್ನು ಮಾಳಿಗೆಗೆ ಕರೆದೊಯ್ದೆ. ಮಂಡಳಿಯ ಮರ್ಯಾದೆ ಹೋದರೆ ಹೋಗಲಿ, ಈ ಮಾಳಿಗೆಯನ್ನು ಮತ್ತೆ ಇಳಿಸಿಬಿಟ್ಟರೆ ಎಂಬುದೊಂದೇ ಚಿಂತೆ ಮೆಟ್ಟಿಲು ಹತ್ತುವಾಗ ನನಗೆ.

ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊರಗೆ ನೋಡಿದರು. ಕೆಂಪು ಮಣ್ಣಿನ ಬಯಲು. ನಾಲ್ಕು ಆಡು, ಒಂದು ಕತ್ತೆ. ಬಹಳ ಹೊತ್ತು ನೋಡಿದರು.

“ಎಲ್ರೀ, ಕೆರೆ ಎಲ್ಲಿದೆ?” ಎಂದು ಕೇಳಿದರು.

ಖಾನಾವಳಿಯವ್ವ ಅವರ ತಾಟಿಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

“ಇವತ್ತ ಬಂದೀರಲ್ರಿ ಸಾಹೇಬ್ರ,” ಅಂದಳು. “ಗುರುವಾರ ಬರ್ರಿ. ಮುಂಜಾನೆ ಎಂಟಕ್ಕ ತುಂಬತೇತಿ, ಸಂಜಿಕ್ಕ ಇಳೀತೇತಿ. ಮೀನಾ ಬುಟ್ಟೀಲೆ ಸಿಗತಾವು.”

ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ಜೇಬಿನಿಂದ ಡೈರಿ ತೆಗೆದು, ಮುಂದಿನ ಗುರುವಾರದ ಹಾಳೆಯಲ್ಲಿ ‘ಕೆರೆ, ಬೆಳಿಗ್ಗೆ ಎಂಟು’ ಎಂದು ಬರೆದುಕೊಂಡರು. ಅದರ ಕೆಳಗೆ ಇನ್ನೊಂದು ಸಾಲು: ‘ಚೀಲ ತರುವುದು’.