ತಡಿ ಗುಡ್ಡ ಪೆಟ್ಟು

ಮರುದಿನ ಬೆಳಿಗ್ಗೆ ಸಂಗಮ್ಮನ ಹೊಸ ಮಗ್ಗ ಬರುವುದಿತ್ತು. ಅದನ್ನು ಹೂಡಲು ಮನೆಯಲ್ಲಿ ಜಾಗ ಇರಲಿಲ್ಲ. ಇತ್ತು ಅನ್ನಿ, ಹಿತ್ತಲಿನ ಶೆಡ್ಡು. ಆದರೆ ಅಲ್ಲಿ ಆಕೆಯ ಗಂಡ ಶರಣಬಸವನ ಕೆಂಪು ಕಾರು ವರ್ಷಗಟ್ಟಲೆಯಿಂದ ಮನೆ ಅಳಿಯನ ಹಾಗೆ ಕೂತುಬಿಟ್ಟಿತ್ತು.

ತೆಲುಗು ಸೀಮೆಯ ಗಡಿಯೂರು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಪರದೇಶದ ಹಳೇ ಸ್ಪೋರ್ಟ್ಸ್ ಕಾರು ಯಾಕೆ ಬೇಕಿತ್ತೋ ಆ ಶಿವನೇ ಬಲ್ಲ. ಗದ್ವಾಲದ ಕಡೆ ಯಾರದೋ ಬಂಗಲೆ ಹರಾಜಾದಾಗ ಮಂಚ ತರುತ್ತೇನೆಂದು ಹೋದ ಪುಣ್ಯಾತ್ಮ ಇದನ್ನು ಎಳೆಸಿಕೊಂಡು ಬಂದಿದ್ದ. ಎರಡೇ ಬಾಗಿಲು, ಎರಡೇ ಸೀಟು. ಕಾರ್ಬ್ಯುರೇಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಎಂಜಿನ್ನಿನ ಪಕ್ಕ ತಂಬಿಗೆ ಗಾತ್ರದ ಒಂದು ಇಂಜೆಕ್ಷನ್ ಪಂಪು. ಅದರಿಂದ ಹೊರಟ ಸಣ್ಣ ಸಣ್ಣ ಪೈಪುಗಳು ಸಿಲಿಂಡರುಗಳಿಗೆ ಪೆಟ್ರೋಲು ಚಿಮ್ಮಿಸಬೇಕು. ತಣ್ಣಗಿದ್ದಾಗ ಚಿಮ್ಮಿಸುತ್ತಿತ್ತು ಕೂಡ. ಮೈ ಬಿಸಿಯಾಯಿತೋ, ಗೊರಕ್ ಅಂದು ನಿಂತುಬಿಡುತ್ತಿತ್ತು. ಹೀಗಾಗಿ ಅದು ಇವತ್ತಿನವರೆಗೆ ಓಣಿ ದಾಟಿದ್ದಿಲ್ಲ.

ಭಾಮೈದ ಕಾಂತೇಶ ತನ್ನ ಮದುವೆಯಲ್ಲಿ ಮೆರವಣಿಗೆಗೆ ಈ ಕಾರೇ ಬೇಕೆಂದು ಪೀಡಿಸಿದಾಗ, ಶರಣಬಸವ ಊಟದ ಪಂಕ್ತಿಯಲ್ಲಿ ನಾಲ್ಕು ಮಂದಿ ಕೇಳುವಂತೆ ಹೇಳಿದ್ದ: “ಅದು ಓಣಿ ದಾಟಿದ ದಿನ ನೀನಽ ಒಯ್ಯೋ ತಮ್ಮಾ, ನಿಂದಽ ಅದು!” ಪಂಕ್ತಿಯೆಲ್ಲ ನಕ್ಕಿತ್ತು. ಶರಣಬಸವ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಆ ಮಾತನ್ನು ಮರೆತೂ ಬಿಟ್ಟಿದ್ದ.

ಈಗ ಸಂಗಮ್ಮ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. “ಇವತ್ತು ಹೊತ್ತು ಮುಳುಗೂದ್ರಾಗ ಅದು ಚೌಕ್ ತನಕ ಹೋಗಿ ತಿರುಗಿ ಬಂತಂದ್ರ ಮಗ್ಗ ಪಡಸಾಲ್ಯಾಗ ಹಾಕ್ಕೊಂತೀನಿ. ಇಲ್ಲಂದ್ರ ಗುಜರಿಯವಗ ಹೇಳೀನಿ, ಸಂಜಿಗೆ ಬರ್ತಾನ.”

“ಗುಜರಿಗಾ! ಏನ್ ಮಾತಾಡ್ತೀಯೇ? ಅದು ಕಾರು!”

“ಕಾರಾದ್ರ ಓಡಬೇಕಲ್ರಿ.”

ಮಾತು ನ್ಯಾಯವಾಗಿಯೇ ಇತ್ತು, ಅದೇ ಸಂಕಟ. ದಿನವಿಡೀ ನೂರು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗಳನ್ನು ಸಹಿಸಿ ಬಂದ ಶರಣಬಸವ ಸಂಜೆ ಆ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದರೆ ಸಾಕು, ರಾಜನಾಗುತ್ತಿದ್ದ. ಓಡದ ಕಾರಾದರೇನು, ಅದೊಂದೇ ಅವನ ಸುಖ.

ಚಾವಿ ತಿರುಗಿಸಿದ. ಮೊದಲ ಸಲಕ್ಕೇ ಭರ್ ಎಂದು ಶುರುವಾಯಿತು! “ಸಂಗೀ, ಬಾರೇ, ನೋಡು ಬಾರೇ!” ಎಂದು ಕುಣಿದ. ಸಂಗಮ್ಮ ಉಳಿದ ರೊಟ್ಟಿ ಬೇಯಿಸಿ, ಕೈಹಿಟ್ಟು ತೊಳೆದು ಬರುವಷ್ಟರಲ್ಲಿ ಕಾರು ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ನಿಂತುಹೋಯಿತು.

“ನೋಡಿದೆ,” ಎಂದು ಆಕೆ ಒಳಗೆ ಹೋದಳು.

ಸದ್ದು ಕೇಳಿ ಎದುರು ಮನೆಯ ನಾಗಪ್ಪ ಸ್ಪ್ಯಾನರ್ ಸಮೇತ ಬಂದ. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದದ್ದರಿಂದ ಲೋಕದ ಎಂಜಿನ್ನುಗಳೆಲ್ಲ ತನಗೆ ಬಂಧುಗಳೆಂದು ತಿಳಿದವನು. “ಇಂಜೆಕ್ಷನ್ ಪಂಪ್ ಐತೇನು? ಮೊದಲಽ ಹೇಳಬಾರದೇನೋ ಶರಣಪ್ಪಾ! ನಮ್ಮ ಟ್ರ್ಯಾಕ್ಟರಿಗೂ ಅದಽ. ಪೈಪಿನಾಗ ಗಾಳಿ ಹೊಕ್ಕೈತಿ, ಹೊರಗ ಬಿಡಬೇಕು.”

“ಕಾಕಾ, ನಿಮ್ಮದು ಡೀಸೆಲ್. ಇದು ಪೆಟ್ರೋಲ್.”

“ಗಾಳಿಗೇನು ಗೊತ್ತು, ಡೀಸೆಲ್ ಯಾವುದು ಪೆಟ್ರೋಲ್ ಯಾವುದು ಅಂತ? ಚಾವಿ ತಿರುವು.”

ನಾಗಪ್ಪ ಒಂದು ಪೈಪಿನ ನಟ್ಟು ಸಡಿಲ ಮಾಡಿದ, ಶರಣಬಸವ ಚಾವಿ ತಿರುವಿದ. ಗಾಳಿ ಬಂತೋ ಇಲ್ಲವೋ, ಪೆಟ್ರೋಲು ಮಾತ್ರ ಪಿಚಕಾರಿಯಂತೆ ಹಾರಿ, ಗೋಡೆಯ ಆಚೆ ಆಶಮ್ಮ ಒಣಗಿಸಿದ್ದ ಸಂಡಿಗೆಯ ಮೇಲೆ ಬಿತ್ತು.

“ವಾಮ್ಮೋ, ನಾ ವಡಿಯಾಲು!” ತೆಲುಗು ಮನೆತನದ ಆಶಮ್ಮ ಗೋಡೆಯ ಮೇಲೆ ತಲೆ ಎತ್ತಿದಳು. “ಇವನ್ನ ಇನ್ನ ಎಣ್ಣ್ಯಾಗ ಬಿಟ್ಟರ ಮನಿಽ ಹಾರಿ ಹೋಗತೈತಲ್ಲೋ! ನಿಮ್ಮ ಕಾರಿಗೆ ಬೆಂಕಿ ಹಚ್ಚ!”

ಶರಣಬಸವ ನಟ್ಟು ಬಿಗಿ ಮಾಡಿಸಿ, ಕೈಮುಗಿದು, ಕೊನೆಯ ಆಸೆಯಾಗಿ ಗದ್ವಾಲದ ಬಾಲಯ್ಯನಿಗೆ ಫೋನು ಹಚ್ಚಿದ. ಹಿಂದೆ ಆ ಬಂಗಲೆಯ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಈತ. ನಂಬರು ಸಿಕ್ಕಿದ್ದೇ ನಿನ್ನೆ. ಬಾಲಯ್ಯ ಮಾತನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವವನು. ನಡುವೆ ಎಲ್ಲಿ ಗಡಿ ದಾಟಿದನೋ ಅವನಿಗೇ ತಿಳಿಯುತ್ತಿರಲಿಲ್ಲ. ಫೋನಿನ ಸ್ಪೀಕರಿಗೆ ಎಲ್ಲರೂ ಕಿವಿ ಕೊಟ್ಟರು.

“ಬಿಸಿ ಆದ ಮ್ಯಾಲ ನಿಲ್ಲತೈತಿ, ಹೌದಿಲ್ರಿ? ಏನೂ ಬಿಚ್ಚಬ್ಯಾಡ್ರಿ ಸೇಠ್. ಪಂಪಿನ ಮ್ಯಾಲ ತಡಿ ಗುಡ್ಡ ಪೆಟ್ಟ…”

ಅಷ್ಟಕ್ಕೇ ಕಟ್ಟಾಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

“ತಿಳೀತು ಬಿಡು,” ಎಂದ ನಾಗಪ್ಪ. “ತಡಿ ಅಂದ, ತಡಿಯೂಣು. ಆಮ್ಯಾಲ ಪಂಪಿನ ಮ್ಯಾಲ ಗುಡ್ಡದಂಥ ಒಂದು ಪೆಟ್ಟ ಕೊಡೂಣು. ಅಚ್ಚ ಕನ್ನಡ!”

ಗೋಡೆಯ ಮೇಲಿನಿಂದ ಆಶಮ್ಮ ಹೇಳಿದಳು, “ಅದು ಕನ್ನಡ ಅಲ್ಲೋ, ತೆಲುಗು. ತಡಿಗುಡ್ಡ ಅಂದ್ರ ಹಸಿ ಅರಿವಿ. ಪೆಟ್ಟು ಅಂದ್ರ ಇಡು. ಪಂಪಿನ ಮ್ಯಾಲ ಹಸಿ ಅರಿವಿ ಇಡ್ರಿ ಅಂದಾನ.”

“ಕಾರಿಗೇನು ಜ್ವರ ಬಂದಾವೇನು, ಹಸಿ ಅರಿವಿ ಹಾಕಾಕ? ಅಲ್ಲೀತನ ಕನ್ನಡ ಮಾತಾಡಿದವ ನಡುವಽ ಯಾಕ ತೆಲುಗಿಗೆ ಹೋಗ್ತಾನ? ನಿನಗ ಸಂಡಿಗಿ ಸಿಟ್ಟು ಆಶಮ್ಮಾ,” ಎಂದ ನಾಗಪ್ಪ.

ಅಂಗಡಿಯಲ್ಲಿ ದಿನವೆಲ್ಲ ತೆಲುಗಿನಲ್ಲೇ ಸೀರೆ ಮಾರುವ ಶರಣಬಸವನಿಗೆ ಒಳಗೊಳಗೇ ಅಳುಕಾಯಿತು. ಆದರೆ ಅವನೀಗ ಮನೆಯಲ್ಲಿದ್ದ. ಮನೆಯಲ್ಲಿ ಅವನ ಕಿವಿ ಕನ್ನಡದ್ದು. ಮೇಲಾಗಿ ಹಸಿ ಬಟ್ಟೆಯಿಂದ ಕಾರು ರಿಪೇರಿಯಾಗುತ್ತದೆಂದರೆ ಯಾವ ಗಂಡಸು ನಂಬಿಯಾನು?

ಸರಿ, ತಡೆದರು. ಎಷ್ಟು ತಡೆಯಬೇಕೆಂದು ಬಾಲಯ್ಯ ಹೇಳಿರಲಿಲ್ಲವಾಗಿ ಚಹಾ ಕುಡಿದರು, ಮಿರ್ಚಿ ಭಜಿ ತರಿಸಿ ತಿಂದರು, ನಾಗಪ್ಪನ ಟ್ರ್ಯಾಕ್ಟರಿನ ಪುರಾಣ ಕೇಳಿದರು. ಬಿಸಿಲು ವಾಲಿತು. ಕಡೆಗೆ ನಾಗಪ್ಪ ಸುತ್ತಿಗೆಯನ್ನು ತಲೆಯ ಮೇಲೆತ್ತಿದಾಗ ಶರಣಬಸವ ಅವನ ರಟ್ಟೆ ಹಿಡಿದು ನೇತಾಡಿದ. “ಕಾಕಾ, ನಿನ್ನ ಕಾಲು ಹಿಡೀತೀನಿ, ಗುಡ್ಡ ಬ್ಯಾಡ, ಒಂದು ಸಣ್ಣ ದಿಬ್ಬದಷ್ಟು ಸಾಕು!”

ಟಣ್!

ಚಾವಿ ತಿರುವಿದ. ಭರ್ರ್! ಶರಣಬಸವ ಹಿಂದೆ ಮುಂದೆ ನೋಡದೆ ಕಾರನ್ನು ಓಣಿಗೆ ಬಿಟ್ಟ, ಓಣಿ ದಾಟಿಸಿದ, ಚೌಕ್ ಸುತ್ತಿಸಿದ. ಕಣ್ಣಲ್ಲಿ ನೀರು ಬಂತು. ತಿರುಗಿ ಬಂದಾಗ ಸಂಗಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು.

“ಗೆದ್ರಿ ಬಿಡ್ರಿ. ಪಡಸಾಲಿ ಕಸ ಹೊಡೀತೀನಿ,” ಎಂದಳು.

ಅಷ್ಟರಲ್ಲಿ, ಮಗ್ಗದ ಪೂಜೆಗೆಂದು ಮಕ್ತಲ್‌ನಿಂದ ಬಸ್ಸಿನಲ್ಲಿ ಬಂದಿದ್ದ ಕಾಂತೇಶ, ಹೆಂಡತಿ ಶಿರೀಷಾಳನ್ನು ಕರೆದುಕೊಂಡು, ಓಣಿಯ ತುದಿಯಿಂದ ಚೀಲ ಹಿಡಿದು ಓಡುತ್ತ ಬಂದ.

“ಬಾವಾ! ಓಣಿ ದಾಟ್ತು!”

“ದಾಟ್ತೋ ತಮ್ಮಾ, ದಾಟ್ತು!” ಎಂದು ಶರಣಬಸವ ಎದೆಯುಬ್ಬಿಸಿದ.

“ಹಂಗಾದ್ರ ಚಾವಿ ಕೊಡ್ರಿ.”

ಉಬ್ಬಿದ ಎದೆ ಅಲ್ಲೇ ನಿಂತಿತು. “ಏನ್ ಚಾವಿ? ಅದು ನಗಿಚಾಟಿಗೆ ಅಂದದ್ದೋ…”

“ಇಲ್ಲ ಇಲ್ಲ, ಪಂಕ್ತ್ಯಾಗ ನಿನ್ನ ಬಾಜೂಕ ನಾನಽ ಕುಂತಿದ್ದೆ,” ಎಂದು ನಾಗಪ್ಪ ಮಿರ್ಚಿಯ ಎಣ್ಣೆ ಒರೆಸಿಕೊಂಡ. “ಹೋಳಿಗಿ ಬಡಸ್ತಿದ್ರು. ಮಾತು ಕೊಟ್ಟದ್ದು ಖರೇ.”

“ಕೊಟ್ಟು ಬಿಡ್ರಿ,” ಎಂದಳು ಸಂಗಮ್ಮ. “ತಮ್ಮ ಏನು ಹೊರಗಿನವನಾ? ಶೆಡ್ಡೂ ಖಾಲಿ ಆತು, ಮಗ್ಗಾನೂ ಅಲ್ಲೇ ಕುಂದ್ರತೈತಿ. ಪಡಸಾಲಿ ಯಾಕ ಕೆಡಸೂದು?”

ನಾಳೆ ಪೂಜೆಗೆ ಇದರಲ್ಲೇ ಬರುತ್ತೇವೆಂದು ಗಂಡ ಹೆಂಡತಿ ಕೂತು ಭರ್ ಎಂದು ಹೋದರು. ಶರಣಬಸವ ಖಾಲಿ ಶೆಡ್ಡಿನಲ್ಲಿ ಎಣ್ಣೆಯ ಕಲೆ ನೋಡುತ್ತ ಕೂತ.

ಆಗ ಬಾಲಯ್ಯನ ಫೋನು ಬಂತು. “ಸೇಠ್, ಪೆಟ್ಟಂಡಿ ಅನ್ನೂದ್ರಾಗ ಚಾರ್ಜ್ ಹೋತ್ರಿ. ಹಸಿ ಅರಿವಿ ಇಟ್ರಿಲ್ಲೋ? ಬಿಸಿಗೆ ಪಂಪಿನಾಗ ಪೆಟ್ರೋಲ್ ಆವಿ ಆಗತೈತಿ, ತಣ್ಣಗ ಮಾಡಿದ್ರ ಮುಗೀತು.”

“ನಾವು ತಡದು, ಪೆಟ್ಟ ಕೊಟ್ವಿ. ಶುರುವಾತಲ್ಲ?”

“ಪೆಟ್ಟಿಗಲ್ರಿ, ತಡದದ್ದಕ್ಕ ಆರಿರಬೇಕು. ಬಿಸಿ ಆದ್ರ ಮತ್ತ ನಿಲ್ಲತೈತಿ.”

ಮತ್ತ ನಿಲ್ಲತೈತಿ! ಶರಣಬಸವನ ಜೀವ ತಿರುಗಿ ಬಂದಂತಾಯಿತು. ಎಣಿಸಿದ ಹಾಗೆಯೇ ಸ್ವಲ್ಪ ಹೊತ್ತಿಗೆ ಕಾಂತೇಶನ ಫೋನು. “ಬಾವಾ, ದಾರ್ಯಾಗ ನಿಂತೈತ್ರಿ, ಸುತ್ತ ಒಂದು ನರಪಿಳ್ಳಿ ಇಲ್ಲ. ಏನ್ ಮಾಡ್ಲಿ? ಇದರ ಸಹವಾಸ ಸಾಕು, ಶುರುವಾಗಲಿಲ್ಲಂದ್ರ ಲಾರಿಗೆ ಕಟ್ಟಿ ನಿಮ್ಮಲ್ಲೇ ತಂದು ಬಿಡ್ತೀನಿ.”

ಸುಳ್ಳು ಹೇಳಲು ಶರಣಬಸವನಿಗೆ ಮನಸ್ಸಿರಲಿಲ್ಲ, ನಿಜ ಹೇಳಲು ಮೊದಲೇ ಇರಲಿಲ್ಲ. ಬಾಲಯ್ಯನ ಮಾತನ್ನೇ, ಒಂದಕ್ಷರ ಬಿಡದೆ, ಆದರೆ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಒಳ್ಳೇ ಕನ್ನಡದ ಧಾಟಿಯಲ್ಲಿ ಹೇಳಿದ: “ಪಂಪಿನ ಮ್ಯಾಲ… ತಡಿ… ಗುಡ್ಡ… ಪೆಟ್ಟು!” ಹೇಳಿ ಫೋನು ಇಟ್ಟ.

ಬಡಿಯಲಿ, ಚೆನ್ನಾಗಿ ಬಡಿಯಲಿ. ಪಂಪು ಕೆಟ್ಟರೆ ರಿಪೇರಿಯಾದೀತು, ಕಾರು ಮನೆಗೆ ಬಂದರೆ ಸಾಕು. ಬಂದ ಕೂಡಲೇ ಧೂಳು ಒರೆಸಲೆಂದು ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿಕೊಂಡು, ಸಿಳ್ಳೆ ಹಾಕುತ್ತ ಕಾದ.

ಫೋನು ಬಂತು. ಹಿಂದೆ ಹಾರ್ನಿನ ಸದ್ದು.

“ಬಾವಾ, ನೀವು ದೇವರ್ರಿ! ನಾ ಪೆಟ್ಟ ಅಂದ್ರಲ್ಲ ಅಂತ ಕಲ್ಲು ಹುಡುಕಾಕ ಹೋಗಿದ್ದೆ. ನಮ್ಮಕಿ ತೆಲುಗಿನಾಕಿ ನೋಡ್ರಿ, ಸ್ಪೀಕರಿನಾಗ ನಿಮ್ಮ ಮಾತು ಕೇಳಿ ಅಷ್ಟರಾಗ ನನ್ನ ಟವೆಲ್ ತೋಯಿಸಿ ಪಂಪಿನ ಮ್ಯಾಲ ಇಟ್ಟುಬಿಟ್ಟಾಳ. ತಣ್ಣಗಾತು, ಭರ್ ಅಂತು! ಮಕ್ತಲ್ ಮುಟ್ಟಿದ್ವಿ. ಇನ್ನ ಎಲ್ಲಿ ನಿಂತ್ರೂ ಹೆದರಿಕಿ ಇಲ್ಲ. ಈ ಜನ್ಮದಾಗ ಈ ಕಾರು ಬಿಡೂದಿಲ್ರಿ!”

ಶರಣಬಸವ ಶೆಡ್ಡಿನ ನಡುವೆ ಕುಸಿದು ಕೂತ. ತಲೆ ಸುಡುತ್ತಿತ್ತು. ಕೈಯಲ್ಲಿದ್ದ ಹಸಿ ಬಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆಯ ಮೇಲೆ ಹಾಕಿಕೊಂಡ.

ಸಂಡಿಗೆ ಬಳಿದು ಚೆಲ್ಲುತ್ತಿದ್ದ ಆಶಮ್ಮ ಗೋಡೆಯ ಮೇಲಿನಿಂದ ಇಣುಕಿದಳು. “ಅಯ್ಯೋ ಶರಣಪ್ಪಾ, ನೆತ್ತಿ ಮ್ಯಾಲ ತಡಿಗುಡ್ಡ ಹಾಕ್ಕೊಂಡೀಯಲ್ಲೋ! ನಮ್ಮಲ್ಲಿ ಎಲ್ಲಾ ಕಳಕೊಂಡು ಕುಂತವರು ಹಂಗ ಹಾಕ್ಕೊಂತಾರ ಅಂತಾರ.”

“ಹೌದು ಆಶಮ್ಮಕ್ಕ,” ಎಂದ ಶರಣಬಸವ, ಮೂಗಿನಿಂದ ಇಳಿಯುವ ನೀರು ಒರೆಸಿಕೊಳ್ಳುತ್ತ, “ನಿಮ್ಮ ತೆಲುಗು ನನಗ ಈಗ ತಿಳೀತು.”