ಲಾನ್‌ಯಿಂಗಳ ಮಚ್ಚೆ ಮತ್ತು ಸ್ವಂತಿಕೆ ಕಚೇರಿ

ಶೆನ್‌ಜೆನ್ ನಗರದ ಅಂಚಿನಲ್ಲಿ ಹೊಟೇಲುಗಳಿಗೆ ಚಿತ್ರ ನಕಲು ಮಾಡಿ ಮಾರುವ ಶಾಪೊ ಚಿತ್ರಗೇರಿಯಲ್ಲಿ ವಸಂತ ಹಬ್ಬದ ರಜೆ ಮುಗಿದ ಮರುದಿನದಿಂದ ಸ್ವಂತಿಕೆಯನ್ನು ಕಡ್ಡಾಯಗೊಳಿಸಲಾಯಿತು. ಅಲ್ಲಿಯವರೆಗೆ ಅದು ಐಚ್ಛಿಕವಾಗಿತ್ತು. ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

ಕಾರಣ ಇಷ್ಟೇ. ಹಬ್ಬಕ್ಕೆ ಮುಂಚೆ ಸರ್ಕಾರದ ಮೇಲಿನ ಹಂತದಿಂದ ಒಬ್ಬ ಹಿರಿಯರು ಕೇರಿ ನೋಡಲು ಬಂದಿದ್ದರು. ಗಲ್ಲಿಯ ಎರಡೂ ಗೋಡೆಗೆ ಒಣಹಾಕಿದ್ದ ಚಿತ್ರಗಳಲ್ಲೆಲ್ಲ ಅದೇ ಯುರೋಪಿನ ದೊರೆಸಾನಿ, ಅವಳ ಮಡಿಲಲ್ಲಿ ಅದೇ ಬಿಳಿ ನಾಯಿ. ಹಿರಿಯರು ಗಲ್ಲಿಯ ತುದಿಯವರೆಗೂ ನಡೆದು, "ಇದರಲ್ಲಿ ನಮ್ಮದು ಅನ್ನೋದು ಯಾವುದು?" ಎಂದು ಕೇಳಿ ಕಾರು ಹತ್ತಿದರು. ಸ್ವಂತಿಕೆ ಕಚೇರಿ ತೆರೆಯಿತು. ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

"ಸ್ವಂತ ಚಿತ್ರ ಬರೆದು ಪ್ರಮಾಣಪತ್ರ ಪಡೆದವರಿಗೆ ನಗರವಾಸಿಯ ಹಕ್ಕು, ಅವರ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ಸೀಟು. ಉಳಿದವರ ಮಕ್ಕಳು ತಂತಮ್ಮ ಊರಿನಲ್ಲಿ ಓದತಕ್ಕದ್ದು. ಸ್ಫೂರ್ತಿ ತಡವಾಗಿ ಬಂದಲ್ಲಿ ಕಚೇರಿ ಹೊಣೆಯಲ್ಲ."

ಫಾನ್ ಗುಯಿಶೆಂಗ್ ಅದನ್ನು ಎರಡು ಸಲ ಓದಿದ. ಮಗಳು ಶಿಯೋಮನ್ ಸೆಪ್ಟೆಂಬರಿಗೆ ಶಾಲೆ ಸೇರಬೇಕು. ಸೀಟು ಸಿಗದಿದ್ದರೆ ಅವಳನ್ನು ರೈಲು ಹತ್ತಿಸಿ ಊರ ಕಡೆ, ಜಿಯಾಂಗ್‌ಶಿಯ ಚಿಕ್ಕಮ್ಮನ ಮನೆಗೆ ಕಳಿಸಬೇಕು, ಆಮೇಲೆ ಹಬ್ಬಕ್ಕೊಮ್ಮೆ ಮುಖ ನೋಡಬೇಕು. ಫಾನ್ ಹನ್ನೊಂದು ವರ್ಷದಿಂದ ಆ ಬಿಳಿ ನಾಯಿಯೊಂದನ್ನೇ ಬರೆಯುತ್ತಿದ್ದವನು. ದೊರೆಸಾನಿಯನ್ನು ಎದುರುಮನೆಯ ಶು ಬರೆಯುತ್ತಿದ್ದ. ಹಿಂದಿನ ಪರದೆಯನ್ನು ಯಾರು ಬರೆಯುತ್ತಿದ್ದರೋ, ಇಬ್ಬರಿಗೂ ಗೊತ್ತಿರಲಿಲ್ಲ.

ಖಾಲಿ ಕ್ಯಾನ್ವಾಸಿನ ಮುಂದೆ ಫಾನ್ ದಿನಗಟ್ಟಲೆ ಕೂತ. ಹೊಸಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಲಾನ್‌ಯಿಂಗ್‌ಗೆ ಸಾಕಾಯಿತು.

"ನಾಯಿ ಬರೆದೂ ಬರೆದೂ ನೀನೂ ಹಾಗೇ ಕಾಯ್ತಾ ಕೂರೋದು ಕಲ್ತೆ. ಏನೂ ತೋಚದಿದ್ರೆ ನನ್ನನ್ನೇ ಬರಿ, ಬಿಟ್ಟಿ ಸಿಗ್ತೀನಿ."

ಬರೆದ. ಬಾಗಿದ ಬೆನ್ನು, ಸೊಪ್ಪಿನ ಬುಟ್ಟಿ, ತಲೆಯ ಮೇಲೆ ತೊಟ್ಟಿಕ್ಕುವ ಒಗೆದ ಬಟ್ಟೆ, ಎಡಗೆನ್ನೆಯ ಮಚ್ಚೆ. ಸೊಪ್ಪು ಬಿಡಿಸುವಾಗ ಅವಳು ಕೆಳತುಟಿ ಕಚ್ಚುತ್ತಾಳೆಂಬುದು ಮದುವೆಯಾದಂದಿನಿಂದ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನೂ ಬರೆದ.

ಸ್ವಂತಿಕೆ ಅಧಿಕಾರಿ ಡುವಾನ್ ಹಿಂದೆ ಚರಂಡಿ ವಿಭಾಗದಲ್ಲಿದ್ದವರು, ಹಾಗಾಗಿ ಅನುಭವಸ್ಥರು. ಚಿತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದರ ಮೂಲ ಎಲ್ಲಿ?"

"ಇದೇ ಮೂಲ, ಸಾಹೇಬ್ರೇ."

"ಎಲ್ರೂ ಹಾಗೇ ಹೇಳ್ತಾರೆ. ಹೋಲಿಕೆ ಇಲ್ಲ ಅಂತ ನಾನು ಸಹಿ ಹಾಕ್ಬೇಕಾದ್ರೆ, ಯಾವುದಕ್ಕೆ ಹೋಲಿಕೆ ಇಲ್ಲ ಅಂತ ನೋಡ್ಬೇಕೋ ಬೇಡ್ವೋ?"

ಮಾತು ನ್ಯಾಯವಾಗಿತ್ತು. ಫಾನ್ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ. ಡುವಾನ್ ಇಬ್ಬರನ್ನೂ, ಅಂದರೆ ಅವಳನ್ನೂ ಚಿತ್ರವನ್ನೂ, ಗೋಡೆಗೆ ಒರಗಿಸಿ ಕನ್ನಡಕ ಏರಿಸಿದರು.

"ಮಚ್ಚೆ ಎಡಗಡೆ. ಇಲ್ಲೂ ಎಡಗಡೆ. ತುಟಿ ಕಚ್ಚೋದೂ ಅದೇ. ಅಪ್ಪಟ ನಕಲು. ತಿರಸ್ಕರಿಸಿದೆ."

"ಇವಳು ನನ್ನ ಹೆಂಡ್ತಿ, ಸಾಹೇಬ್ರೇ."

"ಅದಕ್ಕೇ ಕೇಸು ಹಾಕ್ತಿಲ್ಲ."

ಆದರೆ ಕಚೇರಿಗೆ ಬಂದಿದ್ದ ಚಿತ್ರ ಅದೊಂದೇ. ಜನರಿಗೆ ತಿಳಿವಳಿಕೆ ಬರಲೆಂದು ಅದನ್ನು ಬಾಗಿಲ ಮೇಲೆ ತೂಗುಹಾಕಿ, "ಸ್ವಂತಿಕೆ ಹೀಗಿರತಕ್ಕದ್ದು" ಎಂದು ಕೆಳಗೆ ಬರೆಸಿದರು. ಇಡೀ ಕೇರಿ ಅದನ್ನು ನೋಡಿ ಬರೆಯಲು ಕೂತಿತು. ಶು ತನ್ನ ಮುಖವೂ ಬರಲಿ ಎಂದು ಚಿತ್ರಕ್ಕೆ ಬೆನ್ನು ಹಾಕಿ ಫೋನಿನಲ್ಲಿ ಸೆಲ್ಫಿ ಹೊಡೆದುಕೊಂಡಿದ್ದ. ಫೋನು ಕನ್ನಡಿಯಂತೆ ಎಡಬಲ ತಿರುಗಿಸಿತು. ಅದನ್ನು ನೋಡಿ ಅವನು ಬರೆದ ಲಾನ್‌ಯಿಂಗಳ ಮಚ್ಚೆ ಬಲಗೆನ್ನೆಗೆ ಹೋಯಿತು. ಡುವಾನ್ ಮತ್ತೆ ಲಾನ್‌ಯಿಂಗಳನ್ನು ಕರೆಸಿ, ಗೋಡೆಗೆ ಒರಗಿಸಿ, "ಹೋಲಿಕೆ ಇಲ್ಲ" ಎಂದು ಸಹಿ ಹಾಕಿದರು. ಮರುದಿನದಿಂದ ಕೇರಿಯಲ್ಲಿ ಎಲ್ಲರ ಮಚ್ಚೆಯೂ ಬಲಕ್ಕೆ ಬಂತು, ಎಲ್ಲರಿಗೂ ಪ್ರಮಾಣಪತ್ರ ಬಂತು. ಉಳಿದವನು ಫಾನ್ ಒಬ್ಬ.

"ನನ್ನ ಹೆಂಡ್ತಿನೇ ಕದ್ದೆಯಲ್ಲೋ ಶು."

"ಹನ್ನೊಂದು ವರ್ಷ ನನ್ನ ದೊರೆಸಾನಿ ಮಡಿಲಲ್ಲಿ ನಿನ್ನ ನಾಯಿ ಕೂತಿತ್ತು, ಫಾನಣ್ಣ. ನಾನು ಒಂದು ಮಾತಾದ್ರೂ ಅಂದ್ನಾ?"

ಮಚ್ಚೆ ಸರಿಸಲು ಫಾನನಿಗೆ ಕೈ ಬರಲಿಲ್ಲ. ಕೈಗೆ ಬರುತ್ತಿದ್ದುದು ಒಂದೇ. ಕಚೇರಿ ಬಾಗಿಲಿನಿಂದ ತನ್ನ ಚಿತ್ರವನ್ನು ಇಳಿಸಿ ತಂದು, ಸೊಪ್ಪಿನ ಬುಟ್ಟಿಯ ಮೇಲೆ ಬಣ್ಣ ಬಳಿದು, ಹೆಂಡತಿಯ ಮಡಿಲಲ್ಲಿ ಬಿಳಿ ನಾಯಿಯನ್ನು ಕೂರಿಸಿ ಕಚೇರಿಗೆ ಒಯ್ದ.

"ಮನೇಲಿ ನಾಯಿ ಇದೆಯಾ?" ಡುವಾನ್ ಕೇಳಿದರು.

"ಇಲ್ಲ."

"ಹಾಗಾದ್ರೆ ಇದು ಸ್ವಂತದ್ದು."

ಮುದ್ರೆ ಬಿತ್ತು. ಶಿಯೋಮನ್‌ಗೆ ಸೀಟು ಸಿಕ್ಕಿತು.

ಹೊಟೇಲುಗಳಿಂದ ಹೊಸ ಚಿತ್ರಕ್ಕೆ ಬೇಡಿಕೆ ಬಂದಾಗ ಕೆಲಸವನ್ನು ಪದ್ಧತಿಯಂತೆ ಹಂಚಿಕೊಂಡರು: ಲಾನ್‌ಯಿಂಗಳನ್ನು ಶು ಬರೆಯುವುದು, ನಾಯಿಯನ್ನು ಫಾನ್. ಹಿರಿಯರು ಮತ್ತೊಮ್ಮೆ ಬಂದರು. ಗಲ್ಲಿಯ ಎರಡೂ ಗೋಡೆಯ ಮೇಲೆ ಒಬ್ಬಳೇ ಹೆಂಗಸು, ಒಂದೇ ನಾಯಿ. "ಈಗ ಇದು ನಮ್ಮದು" ಎಂದು ತೃಪ್ತಿಯಿಂದ ಕಾರು ಹತ್ತಿದರು.

ಚಿತ್ರ ಕೊಳ್ಳಲು ಬಂದ ಪ್ರವಾಸಿಗರು ಮಾತ್ರ ತಕರಾರು ತೆಗೆದರು. ಹೊಸಲಲ್ಲಿ ಕೂತ ಲಾನ್‌ಯಿಂಗಳನ್ನು ಕೈಯಲ್ಲಿದ್ದ ಚಿತ್ರದೊಂದಿಗೆ ತಾಳೆ ನೋಡಿ, "ಈಯಮ್ಮ ಅಷ್ಟು ಚೆನ್ನಾಗಿ ಬಂದಿಲ್ಲ" ಎಂದು ಕಚೇರಿಗೆ ದೂರು ಕೊಟ್ಟರು. ಡುವಾನ್ ಆದೇಶ ಹೊರಡಿಸಿದರು. ಕಚೇರಿ ವತಿಯಿಂದ ಒಂದು ಬಿಳಿ ನಾಯಿ ಬಂತು. ಬೆಳಿಗ್ಗೆ ಲಾನ್‌ಯಿಂಗ್ ಎಡಗೆನ್ನೆಗೆ ಪೌಡರ್ ಬಳಿದುಕೊಳ್ಳಬೇಕು, ಬಲಗೆನ್ನೆಗೆ ಮಚ್ಚೆ ಇಡಿಸಿಕೊಳ್ಳಬೇಕು. ಮಚ್ಚೆ ಇಡಲು ಶು ಬರುತ್ತಾನೆ, ಮುಖ ಅವನ ಪಾಲಿನ ಕೆಲಸ. ಫಾನ್ ನಾಯಿಗೆ ಬಾಚುತ್ತಾನೆ.

ಶಾಲೆ ಶುರುವಾದ ವಾರ ಶಿಯೋಮನ್ ತರಗತಿಯಲ್ಲಿ ಅಮ್ಮನ ಚಿತ್ರ ಬರೆದಳು. ಮಚ್ಚೆಯನ್ನು ಎಡಗೆನ್ನೆಗೆ ಇಟ್ಟಿದ್ದಳು. ಟೀಚರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಗಮನವಿಟ್ಟು ನೋಡಿ ಬರೆಯುವುದು. ಪೋಷಕರ ಸಹಿ ತರುವುದು" ಎಂದು ಬರೆದುಕೊಟ್ಟರು.

ಲಾನ್‌ಯಿಂಗ್ ಕೆಳತುಟಿ ಕಚ್ಚಿಕೊಂಡು ಚಿತ್ರವನ್ನು ನೋಡಿದಳು. ಕೆನ್ನೆ ಮುಟ್ಟಿ ನೋಡಿಕೊಂಡಳು. ಟೀಚರು ಓದಿದವರು, ಅವರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಸಹಿ ಹಾಕಿದಳು.