ಕಾಕಾನ ಬೂದಿ ಸಂಡಾಸು

ನಮ್ಮ ಕಾಕಾ ಮತ್ತು ಕಾಕುವನ್ನು ಅಗಲಿಸಿದ್ದು ಇನ್ನೊಬ್ಬ ಹೆಣ್ಣಲ್ಲ, ಹೆಂಡವೂ ಅಲ್ಲ. ಸಂಡಾಸು! ನಗಬೇಡಿ. ನಗುವುದನ್ನೆಲ್ಲ ನಾವೇ ನಕ್ಕು ಮುಗಿಸಿದ್ದೇವೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಕಾಕು ಅವನ ಹೆಂಡತಿ. ಈ ಮರಾಠಿ ಊರಿನ ಶಿವಾಜಿನಗರದ ಕಚೇರಿಯೊಂದರಲ್ಲಿ ಕಾರಕೂನನಾಗಿ ನಿವೃತ್ತನಾದವನು. ಕೋಥರೂಡ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಅವನ ಮನೆ. ಬೇಸಿಗೆ ಬಂತೆಂದರೆ ಇಲ್ಲಿ ದಿನವೂ ನೀರಿನ ಟ್ಯಾಂಕರು. ಒಮ್ಮೆ ಸೊಸೈಟಿಯ ಸಭೆಯಲ್ಲಿ ಕಾಕಾ ಎದ್ದು ನಿಂತು, ಹಳ್ಳಿಯ ಬಾವಿ ಬರಿದು ಮಾಡಿ ತಂದ ನೀರನ್ನು ಸಂಡಾಸಿಗೆ ಸುರಿಯುವುದು ಪಾಪವೆಂದು ಶುರು ಮಾಡಿದ. ಚೇರ್ಮನ್ನರು ಕೈಮುಗಿದು, "ಕಾಕಾ, ತುಮ್ಹೀ ಬಸಾ!" ಎಂದರು. ದಯವಿಟ್ಟು ಕೂಡ್ರಿ ಅಂತ.

"ಕೂಡೋದರ ಬಗ್ಗೇನ ಮಾತಾಡ್ಲಿಕ್ಕತ್ತೀನಲ್ರೀ!" ಎಂದು ಕಾಕಾ ಕನ್ನಡದಲ್ಲೇ ಗುಡುಗಿದ. ಸಿಟ್ಟು ಬಂದರೆ ಅವನಿಗೆ ಮರಾಠಿ ಮರೆಯುತ್ತದೆ.

ಸಭೆ ನಕ್ಕಿತು. ಕಾಕು ತಲೆ ತಗ್ಗಿಸಿದಳು.

ಮರುವರ್ಷ ಊರಾಚೆಯ ಗುಡ್ಡದ ಮೇಲೆ ತುಂಡು ಜಾಗ ಕೊಂಡು ಕಾಕಾ ಎರಡು ಕೋಣೆಯ ಮನೆ ಕಟ್ಟಿದ. ನಳವಿಲ್ಲ, ಬೋರಿಲ್ಲ. ಛಾವಣಿಯ ಮಳೆನೀರು ತೊಟ್ಟಿಗೆ. ವರ್ಷವಿಡೀ ಕುಡಿಯಲು, ಮೀಯಲು ಅದೇ. ಸಂಡಾಸಿಗೆ ಮಾತ್ರ ಹನಿ ನೀರಿಲ್ಲ! ಗೃಹಪ್ರವೇಶಕ್ಕೆ ಹೋದ ಇಪ್ಪತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದ: "ಮುಂದಿನ ತೂತು ಒಂದಕ್ಕ, ಹಿಂದಿನದು ಎರಡಕ್ಕ. ಆದ ಮ್ಯಾಲೆ ಒಂದು ಮಗ್ ಬೂದಿ. ತೊಳಕೊಳ್ಳಲಿಕ್ಕೆ ಬಾಜೂಕ ಬ್ಯಾರೆ ಜಾಗಾ ಅದ. ಗುಂಡ್ಯಾಗ ನೀರು ಬಿತ್ತೋ, ನಾ ಮನಷಾ ಅಲ್ಲ!"

ಇಪ್ಪತ್ತೂ ಮಂದಿ ಹೆದ್ದಾರಿಯ ಪೆಟ್ರೋಲ್ ಪಂಪಿನ ಸಂಡಾಸು ಸಿಗುವವರೆಗೆ ಹಲ್ಲು ಕಚ್ಚಿ ಕೂತೆವು. ಕಾಕುವೂ ನಮ್ಮ ಕಾರು ಹತ್ತಿದಳು. "ಮಂದಿ ನಗೋ ಮನ್ಯಾಗ ನಾ ಇರಂಗಿಲ್ಲ," ಎಂದಳು. ನಾವು ಅವಳಿಗೆ ಸಮಾಧಾನ ಹೇಳಿದೆವು. ಹಿಂದಕ್ಕೆ ಹೋಗು ಎಂದು ಒಬ್ಬರೂ ಹೇಳಲಿಲ್ಲ.

ಎರಡನೇ ವರ್ಷದಿಂದ ಕಾಕಾ ಪಪ್ಪಾಯಿ ಕಳಿಸತೊಡಗಿದ. ಒಂದೊಂದೂ ಕೈಗೂಸಿನಷ್ಟು! ಮನೆಯವರೆಲ್ಲ ತಿಂದು ಬಾಯಿ ಚಪ್ಪರಿಸಿದ ಮೇಲೆ ನಾನು ಫೋನು ಮಾಡಿ, "ಯಾವ ಗೊಬ್ಬರ, ಕಾಕಾ?" ಎಂದೆ.

"ನಂದ!" ಎಂದ, ಅಭಿಮಾನದಿಂದ.

ಆಮೇಲೆ ಬಂದ ಹಣ್ಣೆಲ್ಲ ಕಸದ ಡಬ್ಬಿಗೆ. ನಾವು ಮಡಿವಂತರು ನೋಡಿ! ನಮ್ಮದೆಲ್ಲ ಪೈಪಿನಲ್ಲಿ ಇಳಿದು ಹೊಳೆ ಸೇರುತ್ತದೆ. ಸೇತುವೆ ದಾಟುವಾಗ ಮೂಗು ಮುಚ್ಚಿಕೊಂಡರಾಯಿತು. ಕಾಕಾನ ತಲೆ ಕೆಟ್ಟಿದೆಯೆಂದು ಮದುವೆ ಮುಂಜಿಗಳಲ್ಲಿ ಸಾರಿದವನು ನಾನೇ. ಕೊನೆಗೆ ಅವನನ್ನು ಕರೆಯುವುದನ್ನೂ ಬಿಟ್ಟೆವು. ಗುಡ್ಡದ ಮೇಲೆ ಸುಖವಾಗಿದ್ದಾನಲ್ಲ!

ಹೀಗೆ ಐದು ವರ್ಷ. ಕಳೆದ ತಿಂಗಳು ರೆಸಾರ್ಟು ಕಟ್ಟುವವನೊಬ್ಬ ಆ ಜಾಗ ಕೇಳಿದ. ಅಲ್ಲಿ ಈಜುಕೊಳ ಮಾಡುತ್ತಾನಂತೆ! ಜಾಗ ಇಬ್ಬರ ಹೆಸರಿನಲ್ಲೂ ಇತ್ತು; ಮಾರಲು ಕಾಕು ಒಪ್ಪಿದಳು. ನಾನು ಕರಾರುಪತ್ರ ಹಿಡಿದು ಅವಳನ್ನು ಕರೆದೊಯ್ದೆ. ಎರಡೂ ಮೊಳಕಾಲು ಸವೆದವಳು, ನನ್ನ ಹೆಗಲು ಹಿಡಿದು ಏರು ಹತ್ತಿದಳು. ಕಾಕಾ ಜಗಳ ತೆಗೆಯುತ್ತಾನೆ ಅಂದುಕೊಂಡಿದ್ದೆ. ಅವನು, "ಆಕಿ ಅಂದ್ಲಂದ್ರ ಆತು," ಎಂದು ಓದದೇ ಸಹಿ ಹಾಕಿಬಿಟ್ಟ. ನನಗೇ ಮುಖ ಎತ್ತಲಾಗಲಿಲ್ಲ.

ಹೊರಡುವ ಹೊತ್ತಿಗೆ ಕಾಕುವಿಗೆ ಅವಸರವಾಯಿತು. ಬೇರೆ ದಾರಿಯಿಲ್ಲ. ಕಾಕಾ ಅವಳನ್ನು ಹಿತ್ತಲಿಗೆ ಕರೆದೊಯ್ದು ಇನ್ನೊಂದು ಬಾಗಿಲು ತೆರೆದ. ನಾವು ಯಾರೂ ನೋಡದ ಎರಡನೇ ಸಂಡಾಸು. ಕುರ್ಚಿಯಷ್ಟು ಎತ್ತರದ ಪೀಠ. ಎರಡೂ ಕಡೆ ಹಿಡಿದು ಏಳಲು ಕಂಬಿ.

ಹೊರಗೆ ಬಂದ ಕಾಕು ಕೇಳಿದಳು, "ಇದು ಯಾರ ಸಲುವಾಗಿ ಮಾಡಿದ್ರಿ?"

"ಫೋನಿನ್ಯಾಗ ಬೈಯುವಾಗೆಲ್ಲ ಮೊಳಕಾಲು ನೋಯ್ತಾವ ಅಂತಿದ್ಯಲ್ಲ."

"ಯಾವಾಗ ಮಾಡಿದ್ರಿ?"

"ಮೂರು ವರ್ಷ ಆತು."

"ಮತ್ತ ಹೇಳಬಾರದೇನ್ರಿ?"

"ಸಂಡಾಸ ತೋರಿಸಿ ಹೆಂಡತೀನ್ನ ಕರೀಲೇನು?"

ಕಾಕು ತಿರುಗಿ ಒಳಗಿನ ಕಂಬಿಯನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. ಕರಾರುಪತ್ರ ಕೊಟ್ಟೆ.

"ರೀ, ಈ ಗುಂಡ್ಯಾಗ ಕಾಗದ ಕೊಳೀತದೇನ್ರಿ?"

"ಆರು ತಿಂಗಳು ಬೇಕು," ಎಂದ ಕಾಕಾ.

ಅವಳು ಅದನ್ನು ನಾಲ್ಕಾಗಿ ಹರಿದು ಒಳಗೆ ಹೋದಳು. ಹೊರಬಂದವಳ ಸೆರಗಿಗೆ ಬೂದಿ ಹತ್ತಿತ್ತು. ಕಾಕಾ ಅದನ್ನು ಮೆಲ್ಲಗೆ ಕೊಡವಿದ.